ಏಳನೆಯ ಬಿಲ್ಲೆ

"ಒಂದಾನೊಂದು ಊರಲ್ಲಿ," ಎಂದು ರಾಸ್ ಪೆಂಗೆಲಿ ಮೈಕನ್ನು ತುಟಿಗೆ ಒತ್ತಿಕೊಂಡು ಶುರುಮಾಡಿದ, "ಆರರ ತನಕ ಎಣಿಸೋಕೆ ಬರದ ಒಬ್ಬ ಮುದುಕ ಇದ್ನಂತೆ."

ನಗು ಮೊದಲು ಬಾರಿನ ಕಡೆಯಿಂದ ಎದ್ದಿತು, ಆಮೇಲೆ ಹಿಂದಿನ ಕುರ್ಚಿಗಳಿಂದ. ಶವಪೆಟ್ಟಿಗೆಯ ಹತ್ತಿರ ಕೂತವರು ಮಾತ್ರ ಕರವಸ್ತ್ರ ಅಡ್ಡ ಹಿಡಿದು ನಕ್ಕರು. ಹೆಣದ ಮುಂದೆ ನಗುವುದಕ್ಕೂ ಒಂದು ಮರ್ಯಾದೆ ಇದೆಯೆಂದು ಗೂರುಕ್ ಊರಿನವರು ತಿಳಿದುಕೊಂಡಿದ್ದರು.

ಮುಂದಿನ ಸಾಲಿನಲ್ಲಿದ್ದ ಲೀಯಾನ್ ನಗಲಿಲ್ಲ. ಪೆಟ್ಟಿಗೆಯೊಳಗೆ ಮಲಗಿದ್ದವನು ಅವಳ ಅಪ್ಪ ಆಲ್ವಿನ್ ನೋಸ್ಕ್. ಮೂವತ್ತೊಂದು ವರ್ಷ ಈ ಫೂಟಿ ಕ್ಲಬ್ಬಿನ, ಅಂದರೆ ಚೆಂಡನ್ನು ಒದ್ದೂ ಕೈಯಲ್ಲಿ ಹಿಡಿದೂ ಆಡುವ ಇಲ್ಲಿನ ಫುಟ್‌ಬಾಲ್ ತಂಡದ ಕೋಚ್ ಆಗಿದ್ದವನು. ಪೆಟ್ಟಿಗೆಯ ಮೇಲೆ ಕ್ಲಬ್ಬಿನ ಹಸಿರು-ಬಿಳಿ ಪಟ್ಟೆಯ ತೋಳಿಲ್ಲದ ಅಂಗಿ ಹೊದಿಸಿದ್ದರು. ಪೆಟ್ಟಿಗೆಯನ್ನು ಇಟ್ಟ ಜಾಗವೋ! ಕ್ಲಬ್ಬಿನ ಬಾರಿನ ಕಟ್ಟೆಯ ಮುಂದೆ, ಗೋಡೆಯ ಮೇಲಿನ ಆ ಹಲಗೆಗೆ ಸರಿಯಾಗಿ ಕೆಳಗೆ.

ಹಲಗೆ ತಗಡಿನದು, ಹಸಿರು ಬಣ್ಣ ಬಳಿದದ್ದು. ಅದರ ಮೇಲೆ ಮೊಟ್ಟೆಯಾಕಾರದ ಮೈದಾನದ ಗೆರೆ, ಹದಿನೆಂಟು ಆಟಗಾರರಿಗೆ ಹದಿನೆಂಟು ಅಯಸ್ಕಾಂತದ ಬಿಲ್ಲೆ. ಮುಂದೆ ಆರು, ನಡುವೆ ಐದು, ಹಿಂದೆ ಏಳು. ಹಿಂದಿನ ಏಳನೆಯದನ್ನು ಯಾರೂ ಅಲ್ಲಾಡಿಸದ ಹಾಗೆ ಅಂಟು ಹಾಕಿ ಕೂರಿಸಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ 'ನೋಸ್ಕ್‌ನ ಲೆಕ್ಕ' ಎಂದು ಬರೆದಿತ್ತು. ಆರು ವರ್ಷದಿಂದ ಅದು ಅಲ್ಲೇ ತೂಗುತ್ತಿತ್ತು. ಬಿಯರಿಗೆ ಬಂದವನು ಅದನ್ನು ನೋಡಿ ಒಮ್ಮೆ ನಕ್ಕರೇ ಗ್ಲಾಸು ತುಂಬುವುದು ಎಂಬಂತಾಗಿತ್ತು.

"ಫೈನಲ್ ಮ್ಯಾಚು. ನಾಲ್ಕು ಪಾಯಿಂಟು ಮುಂದಿದ್ವಿ. ಒಂದೂವರೆ ನಿಮಿಷ ಬಾಕಿ." ಕ್ಲಬ್ಬಿನ ಅಧ್ಯಕ್ಷನಾದ ರಾಸ್ ಟ್ರ್ಯಾಕ್ಟರ್ ಮಾರುವವನು, ಸಾವಿನ ಭಾಷಣವನ್ನೂ ಟ್ರ್ಯಾಕ್ಟರ್ ಮಾರುವ ದನಿಯಲ್ಲೇ ಮಾಡುತ್ತಿದ್ದ. "ಹೊಸ ನಿಯಮ ಏನಂತೆ? ನಡುವೆ ಚೆಂಡು ಪುಟಿಸೋ ಹೊತ್ತಿಗೆ ಮುಂದೆ ಆರು ಜನ, ಮಧ್ಯ ಆರು, ಹಿಂದೆ ಆರು. ಮಗ್ಗಿ ಹೇಳು ಅಂದ್ರಾ? ಇಲ್ಲ. ಆರು ಎಣಿಸು ಅಂದ್ರು, ಅಷ್ಟೇ! ನಮ್ಮ ಆಲ್ವಿನ್ ಹಿಂದೆ ಏಳು ನಿಲ್ಲಿಸ್ದ. ಕಪ್ ಕೈತಪ್ಪಿ ಹೋಯ್ತು. ಆದ್ರೂ ನಾವು ಕ್ಷಮಿಸಿದ್ವಿ, ಅಲ್ವೇನ್ರಪ್ಪಾ?"

"ಕ್ಷಮಿಸಿದ್ವಿ!" ಎಂದಿತು ಬಾರು.

ಲೀಯಾನಳ ಅಮ್ಮ ವೆರ್ನಾ ತುಟಿ ಅಲ್ಲಾಡಿಸದೆ ಹೇಳಿದಳು: "ಆ ಬಾಯಿಗೆ ಹಾಕೋಕೆ ಇನ್ನೊಂದು ಮುಚ್ಚಳ ತರಬೇಕಿತ್ತು."

"ಈಗ ಮಗಳು ಲೀಯಾನ್ ಎರಡು ಮಾತಾಡ್ತಾಳೆ."

ಲೀಯಾನ್ ಎದ್ದಳು. ಅಪ್ಪನಿಗೆ ಕೊಟ್ಟ ಮಾತನ್ನು ನಡೆಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಇಡೀ ಊರೇ ಕುರ್ಚಿಗಳ ಮೇಲೆ ಕೂತಿತ್ತು. ಆ ಮುಖಗಳಲ್ಲಿ ಅರ್ಧಕ್ಕರ್ಧ ಅವಳು ಓಡಿಸುವ ಶಾಲಾ ಬಸ್ಸಿನ ಮಕ್ಕಳ ಅಪ್ಪ ಅಮ್ಮಂದಿರವು. ಮೈಕು ಒಮ್ಮೆ ಕುಂಯ್ಯೆಂದಿತು.

"ಅಪ್ಪ..." ಎಂದಳು. ರಾಸ್ ಕಡೆ ನೋಡಿದಳು. "ಎಲ್ರೂ ಬಂದಿದ್ದಕ್ಕೆ ಥ್ಯಾಂಕ್ಸ್. ಸ್ಮಶಾನದಿಂದ ಬಂದ್ಮೇಲೆ ಇಲ್ಲೇ ಟೀ ಇದೆ."

ಬಂದು ಕೂತಾಗ ವೆರ್ನಾ ಅವಳ ಕಡೆ ತಿರುಗಲಿಲ್ಲ. "ಟೀ ಇದೆ ಅನ್ನೋಕೆ ಎದ್ದೆಯಾ?" ಎಂದಳು.

*

ಆಲ್ವಿನ್ ಇಪ್ಪತ್ತು ವರ್ಷ ಗೋಧಿ ಗೋದಾಮಿನಲ್ಲಿ ಲಾರಿ ತೂಗುತ್ತಿದ್ದ. ಯಾವಾಗಲೂ ಹಿಂದೆ ಒಬ್ಬ ಹೆಚ್ಚಿಗೆ ಇರಬೇಕು ಎನ್ನುವುದು ಅವನು ಬದುಕಿದ ರೀತಿ. ಗಾಡಿಯಲ್ಲಿ ಎರಡು ಹೆಚ್ಚುವರಿ ಚಕ್ರ, ಫ್ರೀಜರಿನಲ್ಲಿ ಮೂರನೆಯ ಬ್ರೆಡ್ಡು, ಜೇಬಿನಲ್ಲಿ ಇನ್ನೊಂದು ಜೊತೆ ಶೂ ದಾರ. ಕೋಚ್ ಆಗುವ ಮುಂಚೆ ಮೈದಾನದಲ್ಲಿ ಅವನೇ ಆ ಹೆಚ್ಚಿನವನು. ಹದಿನಾಲ್ಕು ವರ್ಷ ಎಲ್ಲರ ಹಿಂದೆ, ಯಾರನ್ನೂ ಕಾಯದೆ, ಚೆಂಡು ತಪ್ಪಿ ಬಂದರೆ ಹಿಡಿಯುವ ಬಿಡಿ ಆಳಾಗಿ ನಿಂತಿದ್ದ. ಅಂಥವನನ್ನು ಯಾರೂ ಹೆಗಲ ಮೇಲೆ ಹೊತ್ತು ಮೆರೆಸುವುದಿಲ್ಲ.

ಆ ಫೈನಲ್ಲಿನ ವರ್ಷ, ಹೊಸ ನಿಯಮದ ಕಾಗದ ಬಂದ ಬೆಳಿಗ್ಗೆ ಅವನು ಅದನ್ನು ಅಡಿಗೆಮನೆಯಲ್ಲಿ ಎರಡು ಸಲ ಓದಿ, ಬೆಣ್ಣೆ ಡಬ್ಬಿಯ ಕೆಳಗೆ ಇಟ್ಟ.

"ಟೀವೀಲಿ ಗೋಲು ಕಮ್ಮಿ ಆಯ್ತಂತೆ. ಅದಕ್ಕೆ ಹಿಂದಿನ ಬಿಡಿ ಆಳನ್ನ ತೆಗೀಬೇಕಂತೆ. ಕುರ್ಚಿ ಮೇಲೆ ಕೂತೂ ಕೂತೂ ಕುಂಡಿ ಚಪ್ಪಟೆ ಆದೋರು ಬರ್ದಿದ್ದು ಇದು."

"ಹಂಗಾದ್ರೆ ನಿನ್ನ ಆಟ ಮುಗೀತಾ ಅಪ್ಪ?"

"ಅವರಿಗೆ ಆಟ ಗೊತ್ತಿದ್ರೆ ತಾನೇ ಮುಗಿಸೋದು?" ಅವನು ಬಿಯರ್ ಬಾಟಲಿಯ ಮುಚ್ಚಳಗಳನ್ನು ಮೇಜಿನ ಮೇಲೆ ಸುರಿದ. ಆರು ಈ ತುದಿಗೆ, ಆರು ಆ ತುದಿಗೆ. ನಡುವಿನ ಚೌಕದಲ್ಲಿ ನಾಲ್ಕು, ಅದರ ಎಡಕ್ಕೊಂದು ಬಲಕ್ಕೊಂದು. "ಇವೆರಡು ವಿಂಗು, ಬದಿಯೋರು. ನೋಡು. ಮುಂಚೆ ಗೋಲ್ ಹಾಕೋನಿಗೆ ಎದುರು ನಾವು ಇಬ್ಬರು ನಿಲ್ತಿದ್ವಿ. ಈಗ ಒಬ್ಬನಿಗೆ ಒಬ್ಬನೇ. ಮಧ್ಯದಿಂದ ಚೆಂಡು ಗೆದ್ದೋನು ಒಂದೇ ಒದೆತಕ್ಕೆ ಗೋಲಿನ ಬಾಯಿಗೆ ಹಾಕ್ತಾನೆ. ಅದಕ್ಕೆ ಎಲ್ಲ ಕ್ಲಬ್ಬೂ ಈ ನಾಲ್ಕು ಜಾಗಕ್ಕೆ ಹೋರಿಗಳನ್ನ ಹುಡುಕ್ತವೆ. ಹುಡುಕ್ಲಿ."

"ನಾವು?"

"ನಿಯಮ ಬದುಕಿರೋದು ಚೆಂಡು ನೆಲಕ್ಕೆ ತಾಗೋ ತನಕ. ತಾಗಿದ್ಮೇಲೆ ಯಾರು ಎಲ್ಲಿಗೆ ಬೇಕಾದ್ರೂ ಓಡ್ಬೋದು." ಬದಿಯ ಮುಚ್ಚಳವನ್ನು ಬೆರಳಿನಿಂದ ತಳ್ಳಿ, ಹಿಂದಿನ ಆರರ ನಡುವಿನ ಖಾಲಿಗೆ ತಂದು ನಿಲ್ಲಿಸಿದ. "ನಾಲ್ಕು ಸೆಕೆಂಡು. ಈ ಜಾಗ ಖಾಲಿ ಇದೆ ಅಂತ ಅವರು ಇಲ್ಲಿಗೇ ಒದೀತಾರೆ. ಬಿಡು, ಖಾಲೀನೇ ಇರ್ಲಿ. ಇವನು ಓಡಿ ಬಂದು ಹಿಡೀತಾನೆ."

ಆ ಚಳಿಗಾಲವೆಲ್ಲ ಮಂಗಳವಾರ, ಗುರುವಾರ ಅವನು ಬ್ರೋಡಿ ಮ್ಯಾಕ್ಲೀಶ್ ಎಂಬ ಹತ್ತೊಂಬತ್ತರ ಬದಿಯ ಆಟಗಾರನನ್ನು ಆ ನಾಲ್ಕು ಸೆಕೆಂಡು ಓಡಿಸಿದ. ಬೇಲಿಗೆ ಒರಗಿದವರು, ಮುದುಕನಿಗೆ ತಲೆ ಕೆಟ್ಟಿದೆ, ಹಿಂದಿನವನನ್ನು ಬದಿಯಲ್ಲಿ ಬಚ್ಚಿಟ್ಟಿದ್ದಾನೆ ಎಂದು ನಕ್ಕರು. ಲೀಯಾನ್ ಆ ವರ್ಷ ತಂಡದ ಓಟಗಾರ್ತಿ. ಕೋಚ್ ಹೇಳಿದ್ದನ್ನು ಮೈದಾನದೊಳಗೆ ಓಡಿಹೋಗಿ ಆಟಗಾರರಿಗೆ ಮುಟ್ಟಿಸುವುದು ಅವಳ ಕೆಲಸ. ಅವಳು ನಗಲಿಲ್ಲ. ಆದರೆ ನಂಬಿದಳೆಂದೂ ಹೇಳುವ ಹಾಗಿರಲಿಲ್ಲ.

*

ಶವದ ಕಾರು ಮೈದಾನಕ್ಕೆ ಒಂದು ಸುತ್ತು ಹಾಕುವುದು ಇಲ್ಲಿನ ಪದ್ಧತಿ. ಊರಿನ ಕಾರುಗಳೆಲ್ಲ ಅಂಚಿನ ಗೆರೆಯ ಸುತ್ತ ಮೂತಿ ಒಳಗೆ ಮಾಡಿ ನಿಂತಿದ್ದವು. ಕಪ್ಪು ಕಾರು ಹೊರಟ ಕೂಡಲೇ, ಗೋಲು ಬಿದ್ದಾಗ ಹೊಡೆಯುವ ಹಾಗೆ ಹಾರ್ನ್ ಹೊಡೆದವು. ಬದುಕಿದ್ದವನನ್ನು ಆರು ವರ್ಷ ಗೇಲಿ ಮಾಡಿದ ಊರು ಈಗ ಗುಂಡಿ ಒತ್ತಿ ಗೌರವ ಸಲ್ಲಿಸುತ್ತಿದೆ, ಕಾರಿನಿಂದ ಇಳಿಯುವ ಕಷ್ಟವೂ ಇಲ್ಲದೆ ಎಂದುಕೊಂಡಳು ಲೀಯಾನ್.

ಕಾರು ಕೋಚಿನ ಬೆಂಚು ದಾಟಿ, ಅಲ್ಲಿಂದ ಮೂವತ್ತು ಹೆಜ್ಜೆ ದೂರದ ಸುಣ್ಣದ ಗುರುತಿನ ಪಕ್ಕ ಹಾದಾಗ ಅವಳು ಕಣ್ಣು ಕೆಳಗೆ ಹಾಕಿದಳು.

*

ಆರು ವರ್ಷದ ಹಿಂದೆ, ಫೈನಲ್ಲಿನ ದಿನ, ಆ ಜಾಗದಲ್ಲೇ ರಾಸ್ ಅವಳ ತೋಳು ಹಿಡಿದದ್ದು.

ಎದುರಾಳಿ ಆಗಷ್ಟೇ ಗೋಲು ಹಾಕಿತ್ತು. ನಾಲ್ಕು ಪಾಯಿಂಟಿನ ಮುನ್ನಡೆ ಉಳಿದಿತ್ತು, ಚೆಂಡು ಮತ್ತೆ ನಡುವಿಗೆ ಬರುತ್ತಿತ್ತು. ಆಲ್ವಿನ್ ಬೆಂಚಿನಿಂದ ಕೂಗಿದ್ದ: "ಬ್ರೋಡಿಗೆ ಹೇಳು, ಬದೀಲೇ ನಿಲ್ಲಲಿ. ಚೆಂಡು ನೆಲ ಮುಟ್ಟೋ ತನಕ ಕಾಲು ಎತ್ಬಾರ್ದು. ಮುಟ್ಟಿದ ತಕ್ಷಣ ಹಿಂದಕ್ಕೆ."

ಅವಳು ಓಡಿದಳು. ಗೆರೆಯ ಪಕ್ಕ ರಾಸ್ ಅಡ್ಡ ಬಂದ.

"ಏನಂದ ನಿಮ್ಮಪ್ಪ?"

ಹೇಳಿದಳು.

"ತಲೆ ಕೆಟ್ಟಿದ್ಯಾ ಅವನಿಗೆ? ಅಲ್ಲಿ ನೋಡು, ಹಿಂದೆ ಎಷ್ಟು ಖಾಲಿ! ಈಗಲೇ ಹಿಂದಕ್ಕೆ ಕಳಿಸು ಅವನನ್ನ."

"ಹಿಂದೆ ಏಳು ಆಗುತ್ತೆ ರಾಸ್. ಅಂಪೈರ್ ಒಂದು ಎಚ್ಚರಿಕೆ ಆಗ್ಲೇ ಕೊಟ್ಟಾಗಿದೆ. ಇನ್ನೊಂದ್ಸಲ ಆದ್ರೆ ಚೆಂಡು ಅವರಿಗೇ ಕೊಡ್ತಾರೆ."

"ಫೈನಲ್ಲಲ್ಲಿ, ಕೊನೇ ನಿಮಿಷದಲ್ಲಿ, ಯಾವ ಅಂಪೈರ್ ತಲೆ ಎಣಿಸ್ತಾನೆ? ನಿಮ್ಮಪ್ಪನಿಗೆ ವಯಸ್ಸಾಯ್ತು ಲೀ. ನಿಂಗೂ ಗೊತ್ತು, ನಂಗೂ ಗೊತ್ತು."

ಅವಳು ಹಿಂದಿನ ಖಾಲಿಯನ್ನು ನೋಡಿದಳು. ಅಡಿಗೆಮನೆಯ ಮೇಜಿನ ಮೇಲೆ ಅದು ಒಂದು ಗೇಣು. ಇಲ್ಲಿ ಅದು ಗೋಧಿ ಹೊಲದಷ್ಟು ದೊಡ್ಡದಾಗಿತ್ತು. ಬ್ರೋಡಿಯ ಹತ್ತಿರ ಓಡಿಹೋಗಿ, "ಈಗಲೇ ಹಿಂದಕ್ಕೆ ಹೋಗು. ಕೋಚ್ ಹೇಳಿದ್ದು," ಎಂದಳು.

ಅಂಪೈರ್ ಎಣಿಸಿದ. ಸೀಟಿ ಊದಿ ಎದುರಾಳಿಗೆ ಚೆಂಡು ಕೊಟ್ಟ. ಒಂದು ಉದ್ದನೆಯ ಒದೆತ, ಒಂದು ಹಿಡಿತ, ಒಂದು ಗೋಲು. ಗೋಲಿಗೆ ಆರು ಪಾಯಿಂಟು, ಹಾಗಾಗಿ ಎರಡು ಪಾಯಿಂಟಿನಲ್ಲಿ ಸೋಲು.

ಹಳೆಯ ಕತೆಗಳಲ್ಲಿ ರಾಜನ ಮಾತನ್ನು ದಾರಿಯಲ್ಲಿ ಬದಲಿಸಿದ ದೂತರು ನಿಂತಲ್ಲೇ ಕಲ್ಲಾಗುತ್ತಾರೆ. ಲೀಯಾನ್ ಕಲ್ಲಾಗಲಿಲ್ಲ. ಸೋಮವಾರ ಎಂದಿನಂತೆ ಶಾಲೆಯ ಬಸ್ಸು ಓಡಿಸಿದಳು. ಆ ವಾರವೇ ರಾಸ್ ಹಲಗೆಯನ್ನು ಬಾರಿಗೆ ತಂದು, ಬಿಲ್ಲೆಗೆ ಅಂಟು ಹಾಕಿದ. ಆಲ್ವಿನ್ ಕೋಚ್ ಕೆಲಸ ಬಿಟ್ಟ. ಏಕೆ ಏನು ಎಂದು ಯಾರಿಗೂ ಹೇಳಲಿಲ್ಲ, ಮಗಳನ್ನೂ ಕೇಳಲಿಲ್ಲ. ಭಾನುವಾರದ ಊಟಕ್ಕೆ ಅವಳು ಹೋದರೆ ಆಲೂಗಡ್ಡೆಯ ತಟ್ಟೆ ದಾಟಿಸುತ್ತಿದ್ದ, ಅಷ್ಟೆ.

ಕೇಳಿದ್ದು ಆಸ್ಪತ್ರೆಯಲ್ಲಿ, ಕಳೆದ ತಿಂಗಳು.

"ರಾಸ್ ನಿನ್ನ ತೋಳು ಹಿಡಿದಿದ್ದು ನಾನು ನೋಡ್ದೆ," ಎಂದ, ಕಿಟಕಿಯ ಕಡೆ ಮುಖ ಮಾಡಿಕೊಂಡು.

ಲೀಯಾನಳ ಕೈಯಲ್ಲಿದ್ದ ಕಸ್ಟರ್ಡಿನ ಚಮಚ ನಿಂತಿತು. "ಅಪ್ಪ, ನನ್ನ ಕ್ಷಮಿ..."

"ಅದು ಬೇಡ. ನಂಗೆ ಕೆಲಸಕ್ಕೆ ಬಾರದ ಸಾಮಾನು ಅದು. ನೀನು ಹೇಳ್ತೀಯ ಅಂತ ಆರು ವರ್ಷ ಕಾದೆ. ರಾಸ್ ಹೇಳಲ್ಲ, ಅವನು ಹುಟ್ಟಿದ್ದೇ ಹಂಗೆ. ನೀನು?" ಉಸಿರು ಎಳೆದುಕೊಂಡ. "ಅಂಟು ಹಾಕಿದ ಆ ಬಿಲ್ಲೆ ಕಿತ್ತು ಅದರ ಜಾಗಕ್ಕೆ ಹಾಕು. ಯಾರೂ ಇಲ್ದಾಗ ಅಲ್ಲ. ಎಲ್ಲರ ಮುಂದೆ, ಯಾಕೆ ಅಂತ ಹೇಳಿ ಹಾಕು."

"ಹಾಕ್ತೀನಿ."

"ನೋಡೋಣ," ಎಂದ. ನೋಡಲು ತಾನಿರುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

*

ಮಣ್ಣು ಮಾಡಿ ಬಂದವರು ಸಾಸೇಜ್ ರೋಲುಗಳಿಗೆ ಮುಗಿಬಿದ್ದಿದ್ದರು. ಬಾರಿನ ಕಟ್ಟೆಗೆ ಒರಗಿ ರಾಸ್ ಗ್ಲಾಸು ಎತ್ತಿ ಹಲಗೆಯ ಕಡೆ ತೋರಿಸಿದ.

"ಇನ್ಮೇಲೆ ಇದಕ್ಕೊಂದು ಗಾಜಿನ ಚೌಕಟ್ಟು ಹಾಕಿಸ್ಬೇಕು. ಆಲ್ವಿನ್‌ನ ನೆನಪಿಗೆ! ಖರ್ಚು ನಂದು."

ಅಡಿಗೆಕೋಣೆಯಲ್ಲಿ ಕ್ಯಾಂಟೀನಿನ ಬೆವ್ ಕೇಕು ಕತ್ತರಿಸುತ್ತಿದ್ದಳು. ಲೀಯಾನ್ ಅವಳ ಕೈಯಿಂದ ಚಾಕು ತೆಗೆದುಕೊಂಡಳು.

"ಏನೇ ಇದು? ಇವತ್ತು ಜಗಳ ಬೇಡ ಕಣೇ ಲೀ, ನಿಮ್ಮಮ್ಮ ಕೂತಿದ್ದಾಳೆ."

"ಅದಕ್ಕೇ."

ಬಿಯರ್ ಕ್ರೇಟೊಂದನ್ನು ಎಳೆದು ಹತ್ತಿ ಹಲಗೆಯ ಮುಂದೆ ನಿಂತಳು. ಬಿಲ್ಲೆಯ ಕೆಳಗೆ ಚಾಕುವಿನ ತುದಿ ಸೇರಿಸಿ ತಿರುವಿದಳು. ಅಂಟು ಬಿಡಲಿಲ್ಲ. ಮತ್ತೊಮ್ಮೆ ತಿರುವಿದಾಗ ಚಾಕು ಜಾರಿ ತಗಡು ಕಿರ್ರೆಂದಿತು. ಕೋಣೆಯ ತಲೆಗಳೆಲ್ಲ ಅತ್ತ ತಿರುಗಿದವು.

"ಏಯ್! ಅದು ಕ್ಲಬ್ಬಿನ ಆಸ್ತಿ," ಎಂದ ರಾಸ್.

"ಹೌದು. ಸುಳ್ಳೂ ಕ್ಲಬ್ಬಿಂದೇ." ಅವಳ ಬೆನ್ನು ಕೋಣೆಯ ಕಡೆಗಿತ್ತು. ಮುಖ ತಿರುಗಿಸಿದರೆ ಮತ್ತೆ ಟೀ ಇದೆ ಎಂದುಬಿಡುವ ಭಯವಿತ್ತು ಅವಳಿಗೆ. "ಏಳನೇ ಆಳನ್ನ ಹಿಂದೆ ನಿಲ್ಲಿಸಿದ್ದು ಅಪ್ಪ ಅಲ್ಲ. ಬ್ರೋಡಿ ಬದೀಲೇ ಇರ್ಲಿ ಅಂತ ಅಪ್ಪ ಹೇಳಿ ಕಳಿಸಿದ್ದ. ದಾರೀಲಿ ರಾಸ್ ನನ್ನ ತಡೆದು, ಹಿಂದಕ್ಕೆ ಕಳಿಸು ಅಂದ. ನಾನು ರಾಸ್ ಮಾತು ಕೇಳ್ದೆ. ಕೋಚ್ ಹೇಳಿದ್ದು ಅಂತ ಬ್ರೋಡಿಗೆ ಸುಳ್ಳು ಹೇಳ್ದೆ. ನಂಗೂ ಅಪ್ಪ ಮುದುಕ ಅನ್ನಿಸಿತ್ತು."

"ದುಃಖದಲ್ಲಿ ಏನೇನೋ ಮಾತಾಡ್ತಿದ್ದಾಳೆ ಪಾಪ," ಎಂದು ರಾಸ್ ಸುತ್ತ ನೋಡಿದ. "ಆರು ವರ್ಷದ ಹಿಂದಿನ ಮಾತು, ಯಾರಿಗೆ ನೆನಪಿರುತ್ತೆ?"

"ನಂಗಿದೆ." ಬಾಗಿಲ ಹತ್ತಿರದಿಂದ ಬ್ರೋಡಿ ಹೇಳಿದ. ಈಗ ಅವನಿಗೆ ಇಪ್ಪತ್ತೈದು, ತೋಳಿನಲ್ಲಿ ಮಗು. "ನೀನು ಲೀ ತೋಳು ಹಿಡಿದಿದ್ದನ್ನ ನಾನು ಅಲ್ಲಿಂದಲೇ ನೋಡ್ದೆ. ಕೋಚು ಚಳಿಗಾಲವೆಲ್ಲ ನಂಗೆ ಕಲಿಸಿದ್ದೇ ಬೇರೆ. ಅವನ ಬಾಯಲ್ಲಿ ಆ ಮಾತು ಬರಲ್ಲ ಅಂತ ಆಗ್ಲೇ ಗೊತ್ತಿತ್ತು."

"ಇಬ್ಬರ ನಾಲಿಗೇನೂ ಆರು ವರ್ಷ ಎಲ್ಲಿ ಒತ್ತೆ ಇಟ್ಟಿದ್ರಿ?" ಎಂದಳು ವೆರ್ನಾ ಕುರ್ಚಿಯಿಂದಲೇ.

ಆರು ವರ್ಷ ಆ ಹಲಗೆಯ ಕೆಳಗೆ ಕುಡಿದವರೆಲ್ಲ ತಮ್ಮ ತಮ್ಮ ತಟ್ಟೆಯನ್ನು ನೋಡಿಕೊಂಡರು. ರಾಸ್‌ಗೆ ಇದ್ದಕ್ಕಿದ್ದಂತೆ ಸಾಸಿವೆಯ ಬಾಟಲಿ ಬೇಕಾಯಿತು. ಅದನ್ನು ಹುಡುಕಿಕೊಂಡು ಹೋದವನು ಬೇಗ ಬರಲಿಲ್ಲ.

ಲೀಯಾನ್ ಚಾಕುವನ್ನು ಮೂರನೆಯ ಸಲ ತಿರುವಿದಳು. ಬಿಲ್ಲೆ, ಕೆಳಗಿನ ಹಸಿರು ಬಣ್ಣವನ್ನೂ ಕಿತ್ತುಕೊಂಡು ಅವಳ ಅಂಗೈಗೆ ಬಿತ್ತು. ಅದನ್ನು ಬದಿಯ ಜಾಗಕ್ಕೆ ಇಟ್ಟಳು. ಅದು ನಿಲ್ಲದೆ ಜಾರಿ, ಕಟ್ಟೆಯ ಮೇಲೆ ಉರುಳಿ ಯಾರದೋ ಗ್ಲಾಸಿಗೆ ತಾಗಿತು. ಎತ್ತಿಕೊಂಡು ಮತ್ತೆ ಇಟ್ಟಳು, ಮತ್ತೆ ಬಿತ್ತು. ಬೆನ್ನಿಗೆ ಅಂಟು ಗಟ್ಟಿಯಾಗಿ ಕೂತಿತ್ತು. ಕ್ರೇಟಿನ ಮೇಲೆ ನಿಂತೇ ಅವಳು ಅದನ್ನು ಉಗುರಿನಿಂದ ಕೆರೆದಳು. ಉಗುರು ಮುರಿಯಿತು. ಇನ್ನೊಂದು ಬೆರಳಿನಿಂದ ಕೆರೆದಳು. ಅಷ್ಟು ಹೊತ್ತೂ ಕೋಣೆಯಲ್ಲಿ ಯಾರೂ ಸಾಸೇಜ್ ರೋಲು ಕಚ್ಚಲಿಲ್ಲ.

ಟಕ್ ಎಂದು ಬಿಲ್ಲೆ ಬದಿಯಲ್ಲಿ ಕಚ್ಚಿಕೊಂಡಿತು.

ಮುಂದೆ ಆರು, ನಡುವೆ ಆರು, ಹಿಂದೆ ಆರು. ಹಿಂದಿನ ಆರರ ನಡುವೆ, ಬಣ್ಣ ಎದ್ದುಹೋದ ಕಡೆ, ಒಂದು ಬಿಲ್ಲೆಯಷ್ಟೇ ಅಗಲದ ತಗಡು ಬೆಳ್ಳಗೆ ಖಾಲಿಯಾಗಿ ಹೊಳೆಯುತ್ತಿತ್ತು.