ಹತ್ತು ಎಣಿಸುವವರೆಗೆ

ಚಿತಾಗಾರದವರು ಸುಟ್ಟು ತಂದಿಟ್ಟ ಬೂದಿಯಿಂದ ಅಪ್ಪನ ಹಿಮ್ಮಡಿಯ ಮೂಳೆಯನ್ನು ಚಿಗುಸಾ ಊಟದ ಕಡ್ಡಿಯಂಥ ಜೋಡಿ ಕಡ್ಡಿಗಳಲ್ಲಿ ಹಿಡಿದೆತ್ತಿದಳು. ಅದನ್ನು ಜೊತೆಗೆ ಹಿಡಿಯಬೇಕಿದ್ದ ಸೋದರತ್ತೆ ಫುಸಾಳ ಕಡ್ಡಿಗಳಿಗೆ ಸಿಗದೆ, ಮೂಳೆ ಮತ್ತೆ ಬೂದಿಗೇ ಜಾರಿತು.

"ನನ್ನ ಕೈಲಾಗಲ್ಲ ಕಣೇ. ಹೊರಗೆ ತೋಫು ಅಂಗಡಿ ಇಸೊಗಾಯಿ ನಿಂತಿದಾರೆ, ಕರಿ."

"ಅವ್ರು ನಮ್ಮವರಲ್ಲ ಅತ್ತೆ."

"ಒಬ್ಬಳೇ ಎತ್ತೋ ಹಾಗಿಲ್ವಲ್ಲ, ಇಬ್ಬರು ಸೇರೇ ಎತ್ತೋದು ಪದ್ಧತಿ. ನಮ್ಮವರು ಅಂತ ಯಾರನ್ನ ಕರೆದಿದೀಯ ನೀನು?"

ಚಿಗುಸಾ ಯಾರಿಗೂ ತಿಳಿಸಿರಲಿಲ್ಲ. ಅಪ್ಪ ಮೊರಿಯೊ ಹನ್ನೊಂದು ವರ್ಷ ಎರಡನೇ ದರ್ಜೆಯ ತಂಡದಲ್ಲಿ ಫುಟ್‌ಬಾಲ್ ಆಡಿದವರು. ಆಗ ಊರಿನವರೇ ಅವರ ಗುರುತು ಹಿಡಿಯುತ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ, ಕಡಲ ದಂಡೆಯ ತಡೆಗೋಡೆಗೆ ಚೆಂಡು ಒದೆಯುವ ವಿಡಿಯೊ ಹಾಕತೊಡಗಿದಾಗ, ದಿನಾ ಏಳು ಲಕ್ಷ ಜನ ನೋಡಿದರು. ಅಂಥವರ ಮೂಳೆ ಎತ್ತಲು ಇಂದು ಇನ್ನೊಂದು ಜೊತೆ ಕೈಗೆ ಗತಿಯಿಲ್ಲ.

ಇಸೊಗಾಯಿ ಒಳಬಂದು ತಲೆಬಾಗಿ ಕಡ್ಡಿ ಹಿಡಿದರು. ಪಾದದ ಮೂಳೆಗಳು ಮುಗಿದು ಮಂಡಿಗೆ ಬಂದಾಗ ಕಡ್ಡಿಗೆ ಏನೋ ಟಿಣ್ ಎಂದಿತು.

"ಇದೇನು? ಶವಪೆಟ್ಟಿಗೆಗೆ ಲೋಹ ಹಾಕಬಾರದು ಅಂದಿದ್ರಲ್ಲ," ಎಂದಳು ಚಿಗುಸಾ.

"ಮಂಡಿಯ ಸ್ಕ್ರೂ ಅಮ್ಮಾ. ಹೋದ ವರ್ಷ ಆಪರೇಷನ್ ಆಯ್ತಲ್ಲ, ವಿಡಿಯೊ ನೋಡೋರಿಗೆಲ್ಲ ಗೊತ್ತು." ಇಸೊಗಾಯಿ ದನಿ ತಗ್ಗಿಸಿದರು. "ಮನೆಯವರ ಸಹಿ ಬೇಕು ಅಂದ್ರು ಆಸ್ಪತ್ರೇಲಿ. ಮಗಳಿಗೆ ಫೋನ್ ಮಾಡ್ದೆ, ಎತ್ಲಿಲ್ಲ, ಪಾಪ, ಕೆಲಸ ಜಾಸ್ತಿ ಇರ್ಬೇಕು ಅಂದ್ರು ನಿಮ್ಮಪ್ಪ. ಕೊನೆಗೆ ನಾನೇ ಸಹಿ ಹಾಕ್ದೆ."

*

ಆ ಫೋನು ಅವಳಿಗೆ ಚೆನ್ನಾಗಿ ನೆನಪಿತ್ತು.

ಅದಕ್ಕೆ ತಿಂಗಳ ಮುಂಚೆ, ಕಚೇರಿಯ ಊಟದ ಕೋಣೆಯಲ್ಲಿ, ಅಪ್ಪ ಜಾರಿ ಕುಂಡೆ ಊರಿ ಬಿದ್ದ ವಿಡಿಯೊವನ್ನು ಎಲ್ಲರೂ ಮತ್ತೆ ಮತ್ತೆ ಹಾಕಿ ನಗುತ್ತಿದ್ದರು. ಅವರು ನನ್ನಪ್ಪ ಎಂದು ಅವಳು ಬಾಯಿ ಬಿಡಲಿಲ್ಲ. ಸಂಜೆ ಅಪ್ಪನಿಗೆ, "ಆ ಕೋತಿಯಾಟ ನಿಲ್ಲಿಸೋ ತನಕ ನಂಗೆ ಫೋನ್ ಮಾಡ್ಬೇಡಿ" ಎಂದಳು. "ಆಯ್ತಮ್ಮ" ಎಂದಿದ್ದರು.

ಆಮೇಲೆ ಒಂದೇ ಸಲ ಮಾಡಿದ್ದು. ಅವಳು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ್ದಳು. ಎತ್ತಿದ್ದರೆ ಗಂಟೇನು ಹೋಗುತ್ತಿತ್ತು?

*

ಬಿಳಿ ಬಟ್ಟೆ ಸುತ್ತಿದ ಬೂದಿಯ ಪೆಟ್ಟಿಗೆಯನ್ನು ಎದೆಗವಚಿಕೊಂಡು ಅವಳು ಚಿತಾಗಾರದ ಅಂಗಳದಲ್ಲಿ ಇಸೊಗಾಯಿಯವರ ಎದುರು ನಿಂತಳು.

"ನಾನು ಅಪ್ಪನ ವಿಡಿಯೊ ಒಂದನ್ನೂ ಪೂರ್ತಿ ನೋಡಿಲ್ಲ. ತೋರಿಸ್ತೀರಾ?"

ಅತ್ತೆ ಮುಖ ತಿರುಗಿಸಿ ಮೂಗೊರೆಸಿಕೊಂಡರು.

ಇಸೊಗಾಯಿ ತಮ್ಮ ಮೊಬೈಲ್ ಹಿಡಿದರು. ಪರದೆಯಲ್ಲಿ ಹಳೇ ಪ್ಯಾಂಟಿನ ಅಪ್ಪ ಗೋಡೆಗೆ ನಾಲ್ಕು ಸಲ ಒದ್ದರು. ಐದನೇ ಸಲ ಚೆಂಡನ್ನು ಕ್ಯಾಮೆರಾದತ್ತ ಮೆಲ್ಲಗೆ ಉರುಳಿಸಿ, ಕೈಕಟ್ಟಿ ನಿಂತರು.

"ಲೇಸ್ ಕಟ್ಕೋ, ಅವಸರ ಇಲ್ಲ. ಹತ್ತು ಎಣಿಸ್ತೀನಿ. ಒಂದು, ಎರಡು..."

"ಪ್ರತಿ ಸಲ ಕೊನೇಲಿ ಹೀಗೇ," ಎಂದರು ಇಸೊಗಾಯಿ. "ಮನೆಮನೇಲಿ ಮಕ್ಕಳು ವಾಪಸ್ ಒದ್ದಂಗೆ ಮಾಡ್ತವೆ. ಅದ್ಯಾರ ಲೇಸೋ, ನಮಗ್ಯಾರಿಗೂ ಗೊತ್ತಿಲ್ಲ."

ಚಿಗುಸಾಗೆ ಗೊತ್ತಿತ್ತು. ಆರು ವರ್ಷದವಳಿದ್ದಾಗ ಅದೇ ಗೋಡೆಯ ಬಳಿ, ಚೆಂಡು ಬಂದಾಗೆಲ್ಲ ಅವಳ ಲೇಸ್ ಬಿಚ್ಚಿರುತ್ತಿತ್ತು. ಅಪ್ಪ ಎಣಿಸುತ್ತ ಕಾಯುತ್ತಿದ್ದರು. ಹತ್ತರೊಳಗೆ ಅವಳು ಒದ್ದೇ ಒದೆಯುತ್ತಿದ್ದಳು.

"...ಒಂಬತ್ತು, ಹತ್ತು."

ಅಪ್ಪ ಇನ್ನೂ ಒಂದು ಗಳಿಗೆ ಕ್ಯಾಮೆರಾವನ್ನೇ ನೋಡಿದರು. "ಆಯ್ತು, ನಾಳೆ ನೋಡೋಣ" ಎಂದು ಕುಂಟುತ್ತ ಮುಂದೆ ಬಂದರು. ಮಡಚಲಾಗದ ಎಡಗಾಲನ್ನು ಪಕ್ಕಕ್ಕೆ ಚಾಚಿ, ಬಗ್ಗಿ, ಚೆಂಡನ್ನು ತಾವೇ ಎತ್ತಿಕೊಂಡರು.