ನಾಗರಾಜನನ್ನು ಹುಡುಕಿಕೊಂಡು

ಪ್ರಮೀಳಾಗೆ ಸಿಕ್ಕಿದ್ದ ಕೆಲಸ ಕೇಳುವುದಕ್ಕೆ ಸುಲಭ. ತಪ್ಪು ಸಾಬೀತಾದರೂ ಜೈಲಿಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಕೋರ್ಟು ಮನೆಗೆ ಬಿಟ್ಟವರು ಆಮೇಲೆ ಹೇಗೆ ಬದುಕಿದರು ಎಂದು ಮೈಸೂರಿನ ಒಂದು ಸಂಸ್ಥೆ ಅಧ್ಯಯನ ಮಾಡುತ್ತಿತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಅಂಥವರನ್ನು ಹುಡುಕಿ, ಎದುರು ಕೂತು ಪ್ರಶ್ನೆ ಕೇಳಿ ಬರುವುದು ಅವಳ ಪಾಲಿಗೆ ಬಂದಿತ್ತು. ಯಾಕೆ ಹುಡುಕುತ್ತಿದ್ದೇನೆಂದು ಊರಿನವರಿಗೆ ಹೇಳುವಂತಿರಲಿಲ್ಲ. ಸಿಕ್ಕವರು ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕುವಂತಿರಲಿಲ್ಲ.

ಪಾಂಡವಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಒಬ್ಬಳೇ ಇದ್ದಳು. ತರಬೇತಿಯ ದಿನ ಜೊತೆಯವರು ಒಬ್ಬರನ್ನೊಬ್ಬರು ಕೇಳಿ ಅಭ್ಯಾಸ ಮಾಡುವಾಗ, ಕಷ್ಟ ಬಂದರೆ ಯಾರಿಗೆ ಹೇಳಿಕೊಳ್ಳುತ್ತೀರಿ ಎಂಬ ಪ್ರಶ್ನೆಗೆ ಅವಳು ಗಂಡನಿಗೆ ಅಂದುಬಿಟ್ಟಿದ್ದಳು. ಗಂಡ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ಎದುರಿಗಿದ್ದವಳಿಗೆ ಅದು ಗೊತ್ತಿರಲಿಲ್ಲ. ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದಳು.

ಬೂಕನಕೆರೆಯ ಬಡಗಿ ನಾಗರಾಜ ಮಾತ್ರ ಸಿಕ್ಕಿರಲಿಲ್ಲ. ಮನೆಯ ಮರಗೆಲಸದ ಕಾರ್ಖಾನೆಯನ್ನು ಪಾಲು ಮಾಡುವ ಜಗಳದಲ್ಲಿ ಮರದ ಕೊಡತಿಯಿಂದ ಹೊಡೆದು ಅಣ್ಣನ ಕೈ ಮುರಿದಿದ್ದವನು. ಮುಚ್ಚಳಿಕೆಯ ಅವಧಿ ಮುಗಿಯುವವರೆಗೂ ತಪ್ಪದೆ ಪ್ರೊಬೇಷನ್ ಅಧಿಕಾರಿಯ ಮುಂದೆ ಹಾಜರಾಗಿ, ಆಮೇಲೆ ಊರಿಗೆ ಬಂದೇ ಇರಲಿಲ್ಲ. ಸಂಸ್ಥೆಯ ಕಡೆಯಿಂದ ಅವಳ ಕೆಲಸದ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಸಂತೋಷ್ ಫೋನಿನಲ್ಲಿ, ಪೊಲೀಸರ ಹತ್ತಿರ ಹೊಸ ಕೇಸಿಲ್ಲ, ಸುಧಾರಿಸಿದ್ದಾನೆಂದು ಹಾಕಿಬಿಡಿ ಎಂದ. ಪ್ರಮೀಳಾ ಒಪ್ಪಲಿಲ್ಲ. ಹಾಗೆ ಸುಧಾರಿಸಿದವರ ಪಟ್ಟಿಗೆ ಸೇರಿದ್ದವನೊಬ್ಬ ನೇಣು ಹಾಕಿಕೊಂಡು ಸತ್ತಿದ್ದು ಅವಳಿಗೆ ಕಿಕ್ಕೇರಿ ಕಡೆ ತಿಳಿದುಬಂದಿತ್ತು. ಸತ್ತವನ ಮೇಲೂ ಹೊಸ ಕೇಸು ಇರುವುದಿಲ್ಲ. ಸಿಗದವರನ್ನೆಲ್ಲ ಒಳ್ಳೆಯವರ ಲೆಕ್ಕಕ್ಕೆ ಸೇರಿಸಿದರೆ ಆ ಅಧ್ಯಯನಕ್ಕೆ ಏನು ಬೆಲೆ ಎಂದು ವಾದಿಸಿದಳು.

ಬೂಕನಕೆರೆಯ ಮನೆಯಲ್ಲಿ ಅಣ್ಣ ಮುಖ ತಿರುಗಿಸಿಕೊಂಡು ಒಳಗೆ ಹೋದ. ತಾಯಿ ಸುಬ್ಬಮ್ಮ ಮಾತ್ರ ಬಸ್ ನಿಲ್ದಾಣದವರೆಗೆ ಹಿಂದೆಯೇ ಬಂದಳು.

"ಸಿಕ್ಕುದ್ರೆ ಒಂದ್ಮಾತು ಯೋಳವ್ವ," ಎಂದಳು. "ಬದುಕವ್ನೋ ಇಲ್ವೋ, ಅಷ್ಟೇ ಸಾಕು."

ಬಸ್ಸು ಬಂತು, ಪ್ರಮೀಳಾ ಹತ್ತಿದಳು.

ಪಾಲಹಳ್ಳಿಯ ಆಲೆಮನೆಯೊಂದರಲ್ಲಿ ಮರಿಸ್ವಾಮಿ ಎಂಬ ಮಾಲೀಕ ಅವನನ್ನು ನೆನಪಿಟ್ಟುಕೊಂಡಿದ್ದ. ಬಾಗಿಲು ಕೂರಿಸಿಕೊಟ್ಟವನು, ಒಳ್ಳೆ ಕೈ, ಆದರೆ ಊಟಕ್ಕೆ ಕರೆದರೂ ಪಂಕ್ತಿಗೆ ಬರುತ್ತಿರಲಿಲ್ಲ ಎಂದ. ನಾಗಮಂಗಲದ ಕಡೆ ಹೋದನಂತೆ. ಆ ದಿಕ್ಕು ಹಿಡಿದು ಅವಳು ಬಸ್ಸು ಬದಲಿಸುತ್ತ, ಮರದಂಗಡಿಗಳಲ್ಲಿ ವಿಚಾರಿಸುತ್ತ ತಿರುಗಿದಳು. ಕೊನೆಗೆ ಆದಿಚುಂಚನಗಿರಿಯ ದಾರಿಯಲ್ಲಿ, ತಗಡಿನ ಶೆಡ್ಡಿನೊಳಗೆ ಹಾಸ್ಟೆಲ್ಲಿಗೆಂದು ಮಾಡುತ್ತಿದ್ದ ಮಂಚಗಳ ನಡುವೆ ಅವನು ಸಿಕ್ಕ. ತೆಳ್ಳನೆಯ ಮನುಷ್ಯ, ಹುಬ್ಬಿನ ಮೇಲೆಲ್ಲ ಮರದ ಪುಡಿ.

ಕೇಸು ಮುಗಿದಿದೆಯಲ್ಲ ಎಂದು ಮೊದಲು ಹೆದರಿದ. ಬೇಡವೆಂದರೆ ಉತ್ತರ ಕೊಡಬೇಕಾಗಿಲ್ಲ, ಹೆಸರು ಎಲ್ಲೂ ಬರುವುದಿಲ್ಲ ಎಂದು ಅವಳು ಬಿಡಿಸಿ ಹೇಳಿದ ಮೇಲೆ ಒಂದು ಹಲಗೆ ಒರೆಸಿ ಕೂರಲು ಕೊಟ್ಟ. ಕೆಲಸ ಇದೆ. ಕುಡಿತ ಬಿಟ್ಟಿದ್ದಾನೆ. ಶೆಡ್ಡಿನಲ್ಲೇ ಅಡುಗೆ, ಅಲ್ಲೇ ಮಲಗುವುದು. ಆಮೇಲೆ ಯಾರ ಜೊತೆಗಾದರೂ ಜಗಳ ಆಗಿದೆಯೇ ಎಂದು ಕೇಳಿದಳು.

"ಜಗಳ ಆಡಕ್ಕೂ ಒಬ್ರು ಬೇಕಲ್ವಾ ಮೇಡಂ," ಎಂದ. "ಮಾತು ಬೆಳದ್ರೆ ನನ್ ಕೈ ಸುಮ್ಕಿರಕಿಲ್ಲ ಅಂತ ಗೊತ್ತಾಯ್ತು. ಅದ್ಕೇ ಯಾರ ತಾವೂ ಮಾತೇ ಬೆಳೆಸಕಿಲ್ಲ."

ಕಷ್ಟ ಯಾರಿಗೆ ಹೇಳಿಕೊಳ್ಳುತ್ತೀರಿ ಎಂಬುದಕ್ಕೆ, ಯಾರೂ ಇಲ್ಲ ಅಂತ ಬರಕೊಳ್ಳಿ ಎಂದ. ಅವಳು ಬರೆದುಕೊಂಡಳು. ಹಾಳೆ ಮಗುಚಿದಳು.

ಎಲ್ಲ ಮುಗಿದ ಮೇಲೆ, ಇದು ಪ್ರಶ್ನೆಯಲ್ಲ ಎಂದು ಹೇಳಿ, ತಾಯಿ ಕೇಳಿದ್ದನ್ನು ತಿಳಿಸಿದಳು. ನೀವು ಒಪ್ಪಿದರೆ ಮಾತ್ರ ಹೇಳುತ್ತೇನೆ, ಇಲ್ಲದಿದ್ದರೆ ಇಲ್ಲಿಗೇ ಬಿಡುತ್ತೇನೆ ಎಂದಳು.

ನಾಗರಾಜ ಮರ ನಯ ಮಾಡುವ ಕೀಸುಳಿ ಕೈಗೆತ್ತಿಕೊಂಡು ಅದರ ಅಲಗಿಗೆ ಮೆತ್ತಿದ ಪುಡಿ ಒರೆಸಿದ.

"ಕೋರ್ಟಲ್ಲಿ ನಮ್ಮವ್ವನೇ ಸಾಕ್ಷಿ ಯೋಳ್ತು," ಎಂದ. "ಸುಳ್ಳೇನೂ ಯೋಳ್ನಿಲ್ಲ. ನಾನು ಹೊಡ್ದಿದ್ದು ನಿಜವೇ. ಆದ್ರೂ ಆ ಮಕ ನೋಡಕ್ಕೆ ನಂಗಾಗಕಿಲ್ಲ." ಕೀಸುಳಿ ಕೆಳಗಿಟ್ಟು, "ಬದುಕವ್ನೆ ಅಂತ ಯೋಳಿ. ಊರು ಯೋಳ್ಬೇಡಿ," ಎಂದ.

ಮರುದಿನವೇ ಅವಳು ಬೂಕನಕೆರೆಗೆ ಹೋದಳು. ಸುಬ್ಬಮ್ಮ ಬೀದಿ ನಲ್ಲಿಯ ಹತ್ತಿರ ಸಿಕ್ಕಳು. ಬದುಕಿದ್ದಾನೆ, ದುಡಿದು ತಿನ್ನುತ್ತಿದ್ದಾನೆ, ಹೆಚ್ಚಿಗೆ ಹೇಳುವಂತಿಲ್ಲ ಎಂದಳು ಪ್ರಮೀಳಾ. ಮುದುಕಿ ಎಲ್ಲಿ ಎಂದು ಕೇಳಲಿಲ್ಲ. ಬಿಂದಿಗೆ ತುಂಬಿ ನೀರು ಚೆಲ್ಲುತ್ತಿದ್ದರೂ ನಲ್ಲಿ ನಿಲ್ಲಿಸಲಿಲ್ಲ.

"ನನ್ ಮ್ಯಾಲೆ ಸಿಟ್ಟೇನವ್ವ ಅವುಂಗೆ?"

ಅದಕ್ಕೆ ಉತ್ತರ ಪ್ರಮೀಳಾಗೆ ಗೊತ್ತಿತ್ತು, ಕೊಡಲು ಅವಳಿಗೆ ಅಪ್ಪಣೆ ಇರಲಿಲ್ಲ. ಬಗ್ಗಿ ನಲ್ಲಿ ನಿಲ್ಲಿಸಿದಳು. ಮತ್ತೆ ಯಾವಾಗ ಅವನ ಹತ್ತಿರ ಹೋಗುತ್ತೀ ಎಂದು ಸುಬ್ಬಮ್ಮ ಕೇಳಿದಳು. ಒಬ್ಬರನ್ನು ಒಂದೇ ಸಲ ನೋಡುವುದು ಎಂದು ಹೇಳಬೇಕಾಯಿತು. ಮುದುಕಿ ತಲೆಯಾಡಿಸಿ, ಬಿಂದಿಗೆ ಸೊಂಟಕ್ಕೇರಿಸಿಕೊಂಡು ನಿಧಾನವಾಗಿ ನಡೆದುಹೋದಳು.

ಆ ವಾರ ಸಂತೋಷ್ ಫೋನು ಮಾಡಿ, ನಾಗರಾಜ ಸಿಕ್ಕಿದ್ದು ಬಹಳ ಒಳ್ಳೆಯದಾಯಿತು, ನಿಮ್ಮ ಮಾಹಿತಿಯೇ ಎಲ್ಲರಿಗಿಂತ ಗಟ್ಟಿ ಎಂದು ಹೊಗಳಿದ. ಕೆಲಸ ಇದೆ, ಕುಡಿತವಿಲ್ಲ, ಜಗಳವಿಲ್ಲ. ಇಂಥವರು ಇನ್ನೂ ನಾಲ್ಕು ಜನ ಸಿಕ್ಕರೆ ಸಾಕು ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಯಾರೂ ಇಲ್ಲ ಎಂಬ ಉತ್ತರವನ್ನು ವರದಿಯಲ್ಲಿ ಬಿಡಬೇಡಿ ಎಂದು ಅವಳು ಕೇಳಿಕೊಂಡಳು. ನೋಡೋಣ ಎಂದ.

ಫೋನಿಟ್ಟ ಮೇಲೆ ಅವಳಿಗೆ ಆ ಶೆಡ್ಡಿನ ಸಂಗತಿಯನ್ನು ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಹೇಳುವಂತಿರಲಿಲ್ಲ, ಹೇಳಬಹುದಾಗಿದ್ದರೂ ಕೇಳುವವರಿರಲಿಲ್ಲ. ಒಲೆಯ ಮೇಲೆ ಅನ್ನಕ್ಕಿಟ್ಟು, ಅಕ್ಕಿ ಬೇಯುವವರೆಗೆ ಕಿಟಕಿಯ ಹತ್ತಿರ ನಿಂತಳು. ಕೆಳಗೆ ಕಬ್ಬಿನ ಟ್ರಾಕ್ಟರುಗಳು ಒಂದರ ಹಿಂದೊಂದು ಹೋಗುತ್ತಿದ್ದವು.