ಅಜ್ಜಿ ಹೂತ ಗಡ್ಡೆ

ಮೇಣದ ತುಂಡು ಡಬ್ಬಿಯಲ್ಲಿರಲಿಲ್ಲ. ದಾವಣಗೆರೆಯ ಲ್ಯಾಬಿಗೆ ಹೊರಟು ನಿಂತಿದ್ದ ನಾನು ಚೀಲವನ್ನೆಲ್ಲ ಸುರುವಿ ಹುಡುಕಿದೆ. ಅಮ್ಮ ಗಂಗಾಂಬಿಕಾಳ ಎದೆಯಿಂದ ತೆಗೆದ ಗಡ್ಡೆ ಕಡಲೆಕಾಳಿನಷ್ಟು. ಪರೀಕ್ಷೆಗೆಂದು ಆಸ್ಪತ್ರೆಯವರು ಅದಷ್ಟನ್ನೂ ಬೆಂಕಿಪೊಟ್ಟಣಕ್ಕಿಂತ ಸಣ್ಣ ಆ ಮೇಣದೊಳಗೆ ಹುದುಗಿಸಿ ಕೊಟ್ಟಿದ್ದರು. ಇನ್ನೊಂದು ತುಂಡು ಇರಲೇ ಇಲ್ಲ.

"ನಾ ಮಣ್ಣಾಗ ಇಟ್ಟು ಬಂದೀನಿ," ಎಂದಳು ಅಜ್ಜಿ ನಾಗಲಿಂಗಮ್ಮ, ಅವರೆಕಾಯಿ ಸುಲಿಯುತ್ತಲೇ. "ಮೈಯಾಗಿಂದು ಕೊಯ್ದು ತಗದಿದ್ದು ಮನ್ಯಾಗ ಇಡ್ತಾರೇನು? ಇಭೂತಿ ಹಚ್ಚಿ, ಪತ್ರಿ ಇಟ್ಟು, ಮಾಡೋ ಹಂಗ ಮಾಡೀನಿ."

ಸತ್ತವರನ್ನು ನಾವು ಸುಡುವುದಿಲ್ಲ, ಹೂಳುತ್ತೇವೆ. ಅಜ್ಜಿಯ ಕಣ್ಣಿಗೆ ಅದು ಸೊಸೆಯ ಮೈಯ ಒಂದು ಪಾಲು, ಸರಿ. ಆದರೂ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹರಪನಹಳ್ಳಿ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ನನ್ನ ಮನೆಯಲ್ಲೇ ಇದಾಗಬೇಕೆ!

"ಎಲ್ಲಿ ಇಟ್ಟೀಬೇ?"

"ಹೇಳಂಗಿಲ್ಲ. ಮಣ್ಣಿಗೆ ಕೊಟ್ಟಿದ್ದು ತಿರುಗಿ ತಗದ್ರ ಮನಿಗೆ ಆಗಿಬರಂಗಿಲ್ಲ."

ಹಲ್ಲು ಕಚ್ಚಿ ಅವಳೆದುರು ಕೂತೆ. "ಅಜ್ಜೀ, ಕೇಳು. ಮೈಯಾಗಿನ ಕಣದಾಗ 'ಬೆಳಿ' ಅಂತ ಹೇಳೋ ಜೀನ್ ಐತಿ. ಹದಕ್ಕ ಹೇಳಿದ್ರ ಗಾಯ ಮಾಯ್ತಾವು. ಅದು ಕೆಟ್ಟು, ಲೆಕ್ಕ ಮೀರಿ ಹೆಚ್ಚಾಗಿ ಕೂಗಾಕ ಹತ್ತಿದ್ರ, ಸುಮ್ನ ಮಲಗಿದ್ದ ಬ್ಯಾರೆ ಜೀನ್‌ಗಳೂ ಎದ್ದು ಕುಂದರ್ತಾವು. ಆಗ ಕಣ ಬಾಜೂದವ್ರ ಕೈ ಬಿಡ್ತೈತಿ. ಗೋಡಿ ಕರಗಿಸಿ ಹೊರಗ ಹೊಂಡ್ತೈತಿ. ಅಮ್ಮನ ಗಡ್ಡಿ ಆಗಲೇ ಗೋಡಿ ಒಡದೈತಿ."

"ಕೊಯ್ದು ತಗದಾರಲ್ಲ?"

"ತಪ್ಪಿಸ್ಕೊಂಡಿದ್ದು ಕಣ್ಣಿಗೆ ಕಾಣಂಗಿಲ್ಲ. ಆ ಜೀನ್ ಹೆಚ್ಚಾಗಿದ್ರ ಅದರ ಬಾಯಿ ಮುಚ್ಚಿಸೋ ಔಷಧಿ ಐತಿ. ಮೊದಲ ಪರೀಕ್ಷಿ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಜೀನ್ ಎಣಿಸಿ ನೋಡಬೇಕು. ಅದಕ್ಕ ಆ ತುಂಡು ಬೇಕು. ಇಲ್ಲಾಂದ್ರ ಔಷಧಿ ಕೊಡಂಗಿಲ್ಲ."

ಅಜ್ಜಿ ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡಳು. ನನಗೆ ತಡೆಯಲಾಗಲಿಲ್ಲ. "ನಿನ್ನ ಶಾಸ್ತ್ರ ನಮ್ಮಮ್ಮನ್ನ ತಿಂತೈತಿ!" ಎಂದು ಕಿರುಚಿಬಿಟ್ಟೆ.

"ಅಮೃತಾ, ಸಾಕು," ಎನ್ನುತ್ತ ಅಮ್ಮ ಒಳಗಿಂದ ಬಂದಳು. ಅಜ್ಜಿಯ ಪಕ್ಕ ಕೂತು ಮೆಲ್ಲಗೆ ಕೇಳಿದಳು. "ಅತ್ತಿ, ಅದು ನಂದು. ನನಗ ಬೇಕ್ರಿ."

ಅಜ್ಜಿ ಎದ್ದವಳು ಚಪ್ಪಲಿಯನ್ನೂ ಮೆಟ್ಟದೆ ಹೊಳೆಯ ಕಡೆಯ ಹೊಲಕ್ಕೆ ನಡೆದಳು. ಸಲಿಕೆ ಹಿಡಿದು ನಾನು, ಹಿಂದೆ ಅಮ್ಮ. ಅಜ್ಜಿ ನಿಂತದ್ದು ಬೆನಕಪ್ಪಜ್ಜನ ಸಮಾಧಿಯ ಮಗ್ಗುಲಲ್ಲಿ. ಗಂಡನನ್ನು ಮಣ್ಣು ಮಾಡಿದಾಗಲೇ ತನಗೆಂದು ಕಲ್ಲಿಟ್ಟು ಗುರುತು ಮಾಡಿಕೊಂಡಿದ್ದ ಜಾಗವದು.

"ಅತ್ತಿ, ಇದು ನಿಮ್ಮ ಜಾಗ!" ಎಂದಳು ಅಮ್ಮ.

ಅಜ್ಜಿ ಕಲ್ಲಿನ ಬುಡಕ್ಕೆ ಬೆರಳು ತೋರಿಸಿದಳು. ನಾನು ಅಗೆದೆ. ಏಟಿಗೆ ಮೇಣ ಚೂರಾದೀತೆಂದು ಸಲಿಕೆ ಬಿಸಾಕಿ ಬೆರಳಿನಿಂದ ಕೆದಕಿದೆ. ಬಿಳಿ ಬಟ್ಟೆ ಸಿಕ್ಕಿತು. ಬಿಚ್ಚಿ ನೋಡಿದರೆ ಮೇಣದ ಒಂದು ಮೂಲೆ ಸೀಳಿತ್ತು, ನಡುವಿನ ಗಡ್ಡೆಗೆ ಏನೂ ಆಗಿರಲಿಲ್ಲ. ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡೆ.

"ಸಾವಿಗೆ ಗಂಗಾಂಬಿಕಾ ಬೇಕಿದ್ರ ಇಷ್ಟಕ್ಕ ಸಮಾಧಾನ ಆಗ್ಲಿ ಅಂತ ಕೊಟ್ಟೆ," ಎಂದಳು ಅಜ್ಜಿ, ಗುಂಡಿ ನೋಡುತ್ತ. "ಒಂದ್ಸಲ ಅಕೀನ್ನ ಮಣ್ಣು ಮಾಡಿದಂಗ ಆದ್ರ ಸಾವು ಮತ್ತ ಬರಂಗಿಲ್ಲಲ್ಲ. ಅದಕ್ಕ ನನ್ನ ಜಾಗ ಬಿಟ್ಟುಕೊಟ್ಟೆ."

"ಮತ್ತ ನಿಮಗ್ರಿ?" ಎಂದಳು ಅಮ್ಮ.

"ನನಗ ಎಲ್ಲ್ಯಾದ್ರೂ ಆಗ್ತೈತಿ ಬಿಡು."

ಅಜ್ಜನ ಪಕ್ಕ ಬಿಟ್ಟು ಬೇರೆಲ್ಲಿ ಮಲಗುವ ಮಾತನ್ನೂ ಸಹಿಸದವಳು ಅವಳು. ಅವಳ ಮೇಲೆ ಕಿರುಚಿದ್ದ ನಾನು ಈಗ ಅವಳ ಪಕ್ಕಕ್ಕೆ ಸರಿದು ನಿಂತೆ.

ಅಮ್ಮ ಕುಕ್ಕರಗಾಲಲ್ಲಿ ಕೂತು, ಆಪರೇಷನ್ ಆಗದ ಕಡೆಯ ಕೈಯಿಂದ ಗುಂಡಿಗೆ ಮಣ್ಣು ಎಳೆಯತೊಡಗಿದಳು. "ನಿಮ್ಮ ಜಾಗ ನಿಮಗ ಇರ್ಲಿ, ಅತ್ತಿ. ನಿಮ್ಮನ್ನ ಇಲ್ಲಿ ಇಡಾಕ ನಾ ಇರ್ತೀನಿ."

ಅಜ್ಜಿ ಸೆರಗಿನಿಂದ ನನ್ನ ಕೈಯ ಮಣ್ಣು ಒರೆಸಿದಳು. "ಬಸ್ಸು ಹೋದೀತು, ಓಡು," ಎಂದಳು.